ಮೊದಲ ಪ್ರೊ ಫೈಟ್: ಕಾಂಟ್ರಾಕ್ಟ್ ಕೈಗೆ ಬಂದ ದಿನದಿಂದ ದುಡ್ಡು ಖಾತೆಗೆ ಬೀಳುವವರೆಗೆ

ಕೇಜಿನೊಳಗೆ, ಅಂದರೆ ಫೈಟ್ ನಡೆಯುವ ಬಲೆ ಕಟ್ಟಿದ ಅಖಾಡದಲ್ಲಿ, ಕಳೆದದ್ದು ಹದಿನೈದು ನಿಮಿಷ. ಅದಕ್ಕಾಗಿ ಓಡಾಡಿದ್ದು ಹನ್ನೊಂದು ವಾರಕ್ಕೂ ಹೆಚ್ಚು. ನಮ್ಮ ಬೆಂಗಳೂರಿನ ಜಿಮ್ಮಿನ ಹುಡುಗ ಡಿಸೆಂಬರಿನಲ್ಲಿ ದೆಹಲಿ ಕಡೆ ಹೋಗಿ ತನ್ನ ಮೊದಲ ಪ್ರೊಫೆಷನಲ್ ಎಂಎಂಎ (ಮಿಕ್ಸೆಡ್ ಮಾರ್ಷಲ್ ಆರ್ಟ್ಸ್: ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾಳಗ) ಫೈಟ್ ಮುಗಿಸಿ ಬಂದಿದ್ದಾನೆ. ದಾವಣಗೆರೆಯ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದವನು, ವಯಸ್ಸು ಇಪ್ಪತ್ನಾಲ್ಕು, ತೂಕದ ವರ್ಗ ಬ್ಯಾಂಟಮ್‌ವೇಟ್. ಕಾರ್ನರಿನಲ್ಲಿ, ಅಂದರೆ ಪಂದ್ಯದಲ್ಲಿ ಅವನ ಬೆನ್ನಿಗೆ ನಿಲ್ಲುವವರಾಗಿ, ನಾವು ಇಬ್ಬರಿದ್ದೆವು. ಇದೇ ದಾರಿಯಲ್ಲಿ ಹೊರಟಿರುವ ಹುಡುಗರಿಗೂ ಅವರ ಕೋಚ್‌ಗಳಿಗೂ ಎಲ್ಲಿ ದಿನ ಹಾಳಾಗುತ್ತದೆ, ಎಲ್ಲಿ ದುಡ್ಡು ಹೋಗುತ್ತದೆ, ಎಲ್ಲಿ ಜೀವಕ್ಕೇ ಅಪಾಯ ಇದೆ ಅನ್ನುವುದು ಮೊದಲೇ ಗೊತ್ತಿರಲಿ ಎಂದು ನಡೆದದ್ದನ್ನು ಕ್ರಮವಾಗಿ ಬರೆಯುತ್ತಿದ್ದೇವೆ.

ಪ್ರೊ ಆಗುವುದು ಸುಲಭ, ಹಿಂದಕ್ಕೆ ಬರುವುದು ಆಗುವುದಿಲ್ಲ. ಒಮ್ಮೆ ಪ್ರೊ ಫೈಟ್ ಆಡಿದವನಿಗೆ ಅಂತರರಾಷ್ಟ್ರೀಯ ಎಂಎಂಎ ಒಕ್ಕೂಟವಾದ ಐಎಂಎಂಎಎಫ್‌ನ ಅಮೆಚೂರ್ (ಹವ್ಯಾಸಿ) ಪಂದ್ಯಾವಳಿಗಳ ಬಾಗಿಲು ಮುಚ್ಚಿಹೋಗುತ್ತದೆ. ಅಮೆಚೂರ್‌ನಲ್ಲಿ ಮೂರು ನಿಮಿಷದ ಮೂರು ರೌಂಡ್, ಕಾಲಿಗೆ ಶಿನ್ ಗಾರ್ಡ್, ಮೊಣಕೈ ಏಟು ಇಲ್ಲ. ಪ್ರೊದಲ್ಲಿ ಐದು ನಿಮಿಷದ ಮೂರು ರೌಂಡ್, ನಾಲ್ಕು ಔನ್ಸ್ ಗ್ಲೌಸ್, ಮೊಣಕೈ ಮೊಣಕಾಲು ಎರಡೂ ಉಂಟು. ಬರೀ ಮೊಣಕೈ ಒಂದರಿಂದಲೇ ಹುಬ್ಬು ಹರಿಯುವ ಸಾಧ್ಯತೆ ಎಷ್ಟೋ ಪಾಲು ಹೆಚ್ಚಾಗುತ್ತದೆ. ಹಾಗಾಗಿ ಏಳೆಂಟು ಅಮೆಚೂರ್ ಪಂದ್ಯವಾದರೂ ಆಗಿರಲಿ ಎಂದು ನಾವು ಕಾದೆವು.

ಆಫರ್ ಬಂದದ್ದು ವಾಟ್ಸಾಪ್‌ನಲ್ಲಿ, ಪಂದ್ಯಕ್ಕೆ 42 ದಿನ ಇರುವಾಗ. ಎದುರಾಳಿಯ ಹೆಸರು, ತೂಕ, ದಿನಾಂಕ, ದುಡ್ಡು, ಇಷ್ಟೇ ಇತ್ತು. ಆಡಿದ್ದಕ್ಕೆ ₹20,000, ಗೆದ್ದರೆ ಇನ್ನೊಂದು ₹20,000. ಹುಡುಗ ಆಗಲೇ "ಹೂಂ ಅಂದುಬಿಡ್ರಿ ಸರ್" ಅಂದ. ಕಾಂಟ್ರಾಕ್ಟ್ ಪಿಡಿಎಫ್ ಬರುವವರೆಗೆ ನಾವು ಹೂಂ ಅನ್ನಲಿಲ್ಲ. ಅಮೆರಿಕದ ರಾಜ್ಯಗಳಲ್ಲಿ ಇರುವ ಹಾಗೆ ಲೈಸೆನ್ಸ್ ಕೊಟ್ಟು ಉಸ್ತುವಾರಿ ನೋಡುವ ಸರ್ಕಾರಿ ಅಥ್ಲೆಟಿಕ್ ಕಮಿಷನ್ ನಮ್ಮಲ್ಲಿ ಇಲ್ಲ. ತಕರಾರು ಬಂದಾಗ ಕೈಯಲ್ಲಿ ಉಳಿಯುವುದು ಆ ಕಾಗದ ಒಂದೇ. ಪುಟ ಪುಟ ಕೂತು ಓದಿ.

ನಾವು ಹುಡುಕಿದ್ದು ಇವು: ಎಷ್ಟು ಪಂದ್ಯಕ್ಕೆ, ಎಷ್ಟು ತಿಂಗಳಿಗೆ ಕಟ್ಟಿಹಾಕುತ್ತಾರೆ, ಆ ಅವಧಿಯಲ್ಲಿ ಬೇರೆ ಕಡೆ ಆಡಲು ಬಿಡುತ್ತಾರಾ. ಎದುರಾಳಿ ಕೊನೆ ಗಳಿಗೆಯಲ್ಲಿ ಕೈಕೊಟ್ಟರೆ ಆಡಲು ಬಂದ ದುಡ್ಡು ಸಿಗುತ್ತದಾ. ತೂಕ ತಪ್ಪಿದರೆ ಶೇಕಡಾ ಎಷ್ಟು ಕಡಿಯುತ್ತಾರೆ (ನಮ್ಮದರಲ್ಲಿ 20 ಇತ್ತು, ಅದು ಎದುರಾಳಿಗೆ ಹೋಗುತ್ತದೆ). ಎಷ್ಟು ಜನ ಕಾರ್ನರಿಗೆ ಟಿಕೆಟ್, ರೂಮ್. ಪಂದ್ಯದಲ್ಲಿ ಆದ ಗಾಯಕ್ಕೆ ಆಸ್ಪತ್ರೆ ಖರ್ಚು ಯಾರದು, ಎಷ್ಟರವರೆಗೆ. ಕೊನೆಯದ್ದನ್ನು ಯಾರೂ ಕೇಳುವುದಿಲ್ಲ, ಮನೆಯ ಹೆಲ್ತ್ ಇನ್ಶೂರೆನ್ಸ್ ಇದೆಯಲ್ಲ ಅಂದುಕೊಳ್ಳುತ್ತಾರೆ. ಆ ಪಾಲಿಸಿಗಳಲ್ಲಿ ವೃತ್ತಿಪರವಾಗಿ ಅಪಾಯದ ಕ್ರೀಡೆ ಆಡುವಾಗ ಆದ ಗಾಯವನ್ನು ಹೊರಗಿಡುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ದುಡ್ಡು ಎಷ್ಟು ದಿನದೊಳಗೆ ಕೊಡುತ್ತಾರೆ ಅನ್ನುವುದು ನಮ್ಮ ಕಾಗದದಲ್ಲಿ ಇರಲಿಲ್ಲ. ಕೇಳಿ ಬರೆಸಿಕೊಂಡೆವು: 45 ದಿನ. ಆ ಒಂದು ಸಾಲು ಮುಂದೆ ಕೆಲಸಕ್ಕೆ ಬಂತು.

ಮೆಡಿಕಲ್ ವರದಿಗಳನ್ನು ಪಂದ್ಯಕ್ಕೆ 21 ದಿನ ಮೊದಲು ಕಳಿಸಬೇಕಿತ್ತು. ಕೇಳಿದ್ದು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ರಕ್ತಪರೀಕ್ಷೆ, ಸಿಬಿಸಿ (ರಕ್ತಕಣಗಳ ಎಣಿಕೆ), ಕಿಡ್ನಿ ಮತ್ತು ಲಿವರ್ ಪರೀಕ್ಷೆ, ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಮೆದುಳಿನ ಎಂಆರ್‌ಐ, ಕಣ್ಣಿನ ರೆಟಿನಾ ಪರೀಕ್ಷೆ. ಕೇಳಲು ನಾಲ್ಕು ದಿನದ ಕೆಲಸ ಅನ್ನಿಸುತ್ತದೆ. ನಮಗೆ ಹಿಡಿದದ್ದು ಹದಿನೇಳು ದಿನ.

ರಕ್ತ ಕೊಡುವ ಮೊದಲು ಮೂರು ದಿನ ಸ್ಪಾರಿಂಗ್ (ಜತೆಗಾರನೊಡನೆ ಅಭ್ಯಾಸದ ಫೈಟ್), ಭಾರ ಎತ್ತುವುದು ಎರಡನ್ನೂ ನಿಲ್ಲಿಸಿ. ಸ್ನಾಯು ದಣಿದಾಗ ಲಿವರ್, ಕಿಡ್ನಿ ಪರೀಕ್ಷೆಯಲ್ಲಿ ನೋಡುವ ಎಎಸ್‌ಟಿ, ಎಎಲ್‌ಟಿ, ಕ್ರಿಯಾಟಿನಿನ್ ಏರುತ್ತವೆ. ವರದಿ ನೋಡಿದ ವೈದ್ಯರು ಲಿವರ್ ಕೆಟ್ಟಿದೆಯೋ ಕಿಡ್ನಿ ಕೆಟ್ಟಿದೆಯೋ ಅಂತ ಮತ್ತೆ ಪರೀಕ್ಷೆ ಬರೆಯುತ್ತಾರೆ. ಎಚ್‌ಐವಿ ಪರೀಕ್ಷೆಗೆ 2017ರ ಕಾಯ್ದೆ ಪ್ರಕಾರ ಹುಡುಗನ ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು. ವರದಿ ತರಲು ಜಿಮ್ಮಿನಿಂದ ಒಬ್ಬರು ಹೋದಾಗ ಲ್ಯಾಬಿನವರು ಕೊಡಲಿಲ್ಲ. ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಹುಡುಗನೇ ಹೋಗಿ ತರಬೇಕಾಯಿತು, ಒಂದು ದಿನ ಹೋಯಿತು. ಇನ್ನೊಂದು ಮಾತು: ಹೆಪಟೈಟಿಸ್ ಬಿ ಲಸಿಕೆ ಸೊನ್ನೆ, ಒಂದು, ಆರು ತಿಂಗಳಿಗೆ ಹೀಗೆ ಮೂರು ಡೋಸ್. ಜಿಮ್ಮಿಗೆ ಸೇರಿದ ತಿಂಗಳೇ ಶುರುಮಾಡಿಸಿ. ಈ ಆಟದಲ್ಲಿ ರಕ್ತಕ್ಕೆ ರಕ್ತ ತಾಗುವುದು ನಿತ್ಯದ ಮಾತು.

ಎಂಆರ್‌ಐ ವರದಿಯಲ್ಲಿ "ಕೇವಮ್ ಸೆಪ್ಟಮ್ ಪೆಲ್ಯುಸಿಡಮ್" ಎಂಬ ಒಂದು ಸಾಲು ಬಂತು. ಹುಡುಗ ಅದನ್ನು ಮೊಬೈಲಿನಲ್ಲಿ ಹುಡುಕಿ ರಾತ್ರಿಯಿಡೀ ನಿದ್ದೆಗೆಟ್ಟ. ಮೆದುಳಿನ ನಡುವೆ ಇರುವ ಎರಡು ತೆಳು ಪೊರೆಗಳ ಮಧ್ಯೆ ಸಣ್ಣ ಜಾಗ ಉಳಿದಿರುವುದಕ್ಕೆ ಆ ಹೆಸರು. ಎಷ್ಟೋ ಆರೋಗ್ಯವಂತರಲ್ಲೂ ಹುಟ್ಟಿನಿಂದ ಇರುತ್ತದೆ, ತಲೆಗೆ ಏಟು ತಿನ್ನುವ ಬಾಕ್ಸರುಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಚಿಕ್ಕದೋ ದೊಡ್ಡದೋ, ಪೊರೆ ಹರಿದಿದೆಯೋ ಇಲ್ಲವೋ ಅನ್ನುವುದನ್ನು ನರರೋಗ ತಜ್ಞರೇ ಹೇಳಬೇಕು. ಮೊದಲು ಹೋದ ವೈದ್ಯರು ಚಿತ್ರ ನೋಡಿ "ತೊಂದರೆ ಏನಿಲ್ಲ" ಅಂದರು, ಬರೆದು ಕೊಡಿ ಅಂದಾಗ ಹಿಂದೇಟು ಹಾಕಿದರು. ಅವರ ಹೆದರಿಕೆ ನಮಗೆ ಅರ್ಥವಾಯಿತು. ಇನ್ನೊಬ್ಬರ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಐದು ದಿನದ ಮೇಲೆ. ಅವರು ಹುಡುಗನನ್ನು ನಡೆಸಿ, ಕಣ್ಣು ಮುಚ್ಚಿ ನಿಲ್ಲಿಸಿ, ನೆನಪಿನ ಪರೀಕ್ಷೆ ಮಾಡಿ, ಮುಕ್ಕಾಲು ಗಂಟೆ ಕೂತು ಪತ್ರ ಕೊಟ್ಟರು. ಸ್ಕ್ಯಾನ್ ಮಾಡಿಸಿದ ದಿನದಿಂದ ಆ ಪತ್ರ ಕೈಗೆ ಬರುವಾಗ ಒಂಬತ್ತು ದಿನ. ಎಂಆರ್‌ಐ ಅನ್ನು ಎಲ್ಲಕ್ಕಿಂತ ಮೊದಲು ಮಾಡಿಸಿ, ಸಿಡಿಯನ್ನೂ ಪಡೆದಿಟ್ಟುಕೊಳ್ಳಿ. ಮುಂದೆ ತಲೆಗೆ ಏಟು ಬಿದ್ದಾಗ ಹೋಲಿಸಿ ನೋಡಲು ಹಳೆಯ ಚಿತ್ರ ಇರಲೇಬೇಕು.

ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ರೆಟಿನಾ ನೋಡುತ್ತಾರೆ. ಮೂರು ನಾಲ್ಕು ಗಂಟೆ ಎದುರಿನದು ಮಂಜುಮಂಜು, ಬೈಕ್ ಓಡಿಸುವ ಹಾಗಿಲ್ಲ, ಜತೆಗೊಬ್ಬರು ಹೋಗಿ. ಕನ್ನಡಕ ಬಿಡಲು ಆಪರೇಷನ್ ಮಾಡಿಸುವ ಯೋಚನೆ ಇರುವ ಹುಡುಗರು ವೈದ್ಯರಿಗೆ ತಾವು ಫೈಟರ್ ಅಂತ ಮೊದಲೇ ಹೇಳಿ. ಲೇಸಿಕ್‌ನಲ್ಲಿ ಕಣ್ಣಿನ ಮೇಲ್ಪದರವನ್ನು ಮುಚ್ಚಳದ ಹಾಗೆ ಎತ್ತಿ ಮತ್ತೆ ಕೂರಿಸುತ್ತಾರೆ, ಏಟಿಗೆ ಅದು ಜರುಗುವ ಅಪಾಯ ಉಂಟು. ಪಿಆರ್‌ಕೆಯಲ್ಲಿ ಆ ಮುಚ್ಚಳ ಇಲ್ಲ.

ಎಲ್ಲ ಸೇರಿಸಿ ಕಳಿಸಿದರೆ ಮೂರನೇ ದಿನ ರಕ್ತದ ವರದಿ ವಾಪಸ್ ಬಂತು. ಆಧಾರ್‌ನಲ್ಲಿ ಹೆಸರಿನ ಮುಂದೆ ಇನಿಶಿಯಲ್, ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಲ್ಯಾಬಿನಲ್ಲಿ ಹುಡುಗ ಬಾಯಲ್ಲಿ ಹೇಳಿದ ಕರೆಯುವ ಹೆಸರು ಮಾತ್ರ. ಇದು ಇದೇ ಮನುಷ್ಯನ ರಕ್ತ ಎಂದು ನಂಬುವುದು ಹೇಗೆ ಎಂದು ಆಯೋಜಕರ ವೈದ್ಯರು ಕೇಳಿದರು. ನ್ಯಾಯವಾದ ಪ್ರಶ್ನೆ. ರಕ್ತ ತೆಗೆಯುವಾಗ ಗುರುತಿನ ಚೀಟಿ ತೋರಿಸಿರದಿದ್ದರಿಂದ ಲ್ಯಾಬಿನವರು ಹೆಸರು ತಿದ್ದಲು ಒಪ್ಪಲಿಲ್ಲ. ಮೂರು ಪರೀಕ್ಷೆ ಮತ್ತೆ ಮಾಡಿಸಿ, ಗಡುವಿನ ದಿನ ಸಂಜೆ ಕಳಿಸಿದೆವು. ನಮ್ಮ ಕಡೆ ಇನಿಶಿಯಲ್ಲು, ಊರಿನ ಹೆಸರು, ಅಪ್ಪನ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಕಡೆ ಕೂತಿರುತ್ತವೆ. ಯಾವುದಾದರೂ ಒಂದನ್ನು, ಪಾಸ್‌ಪೋರ್ಟ್ ಇದ್ದರೆ ಅದನ್ನೇ, ಆಧಾರವಾಗಿಟ್ಟುಕೊಂಡು ಕಾಂಟ್ರಾಕ್ಟು, ಲ್ಯಾಬು, ಬ್ಯಾಂಕು, ವಿಮಾನದ ಟಿಕೆಟ್ಟು ಎಲ್ಲಕ್ಕೂ ಅಕ್ಷರ ಬಿಡದೆ ಅದೇ ಹೆಸರು ಕೊಡಿ.

ಹನ್ನೊಂದು ದಿನ ಇರುವಾಗ ಎದುರಾಳಿ ಪಕ್ಕೆಲುಬು ನೋವು ಎಂದು ಹಿಂದೆ ಸರಿದ. ಹೊಸಬ ಎಡಗೈಯವನು. ಮೊದಲು 63.5 ಕೆಜಿಗೆ ಆಡಿಸೋಣ ಅಂದರು, ಹುಡುಗನ ಮುಖ ಅರಳಿತು. ಎರಡು ದಿನ ಬಿಟ್ಟು, ಇಲ್ಲ, 61.2ಕ್ಕೇ ಅಂದರು. ಬರಹದಲ್ಲಿ ಬರುವವರೆಗೆ ತಟ್ಟೆಗೆ ಒಂದು ಚಮಚ ಅನ್ನವನ್ನೂ ಹೆಚ್ಚಿಸಿರಲಿಲ್ಲ, ಬಚಾವಾದೆವು.

ತೂಕದ ವಿಷಯವನ್ನು ವಿವರವಾಗಿ ಹೇಳಬೇಕು. ಈ ಆಟದಲ್ಲಿ ಹುಡುಗರು ಹಾಳಾಗುವುದು ಏಟಿನಿಂದ ಮಾತ್ರ ಅಲ್ಲ. 2015ರ ಡಿಸೆಂಬರಿನಲ್ಲಿ ಮನಿಲಾದಲ್ಲಿ ಏಷ್ಯಾದ ದೊಡ್ಡ ಎಂಎಂಎ ಸಂಸ್ಥೆಯಾದ ಒನ್ ಚಾಂಪಿಯನ್‌ಶಿಪ್ ಪಂದ್ಯಕ್ಕೆ ತೂಕ ಇಳಿಸುತ್ತಿದ್ದ ಚೀನಾದ ಯಾಂಗ್ ಜಿಯಾನ್ ಬಿಂಗ್ ತೀರಿಕೊಂಡ. ವಯಸ್ಸು 21. ಅದಾದ ಮೇಲೆ ಆ ಸಂಸ್ಥೆ ಮೂತ್ರದ ಸಾಂದ್ರತೆ ನೋಡಿ ದೇಹದಲ್ಲಿ ನೀರಿದೆಯೇ ಎಂದು ಪರೀಕ್ಷಿಸುವ ಕ್ರಮ ತಂದಿತು. 2017ರ ಮಾರ್ಚಿನಲ್ಲಿ ರಷ್ಯಾದ ಹೆಸರಾಂತ ಫೈಟರ್ ಖಬೀಬ್ ನುರ್ಮಗೊಮೆದೊವ್‌ನಂಥವನೇ ತೂಕ ಇಳಿಸುವಾಗ ಆಸ್ಪತ್ರೆ ಸೇರಿ ಪಂದ್ಯ ರದ್ದಾಯಿತು. ಈ ಎರಡು ಹೆಸರನ್ನು ನಾವು ಹುಡುಗನಿಗೆ ಮೊದಲ ದಿನವೇ ಹೇಳಿದ್ದೆವು.

ಬ್ಯಾಂಟಮ್‌ವೇಟ್ ಅಂದರೆ 135 ಪೌಂಡ್, 61.2 ಕೆಜಿ. ಚಾಂಪಿಯನ್ ಬೆಲ್ಟ್ ಪಂದ್ಯ ಅಲ್ಲದಿದ್ದರೆ ಒಂದು ಪೌಂಡ್ ರಿಯಾಯಿತಿ ಕೊಡುವುದು ವಾಡಿಕೆ, ಅಂದರೆ 61.7. ಆ ಅರ್ಧ ಕೆಜಿ ಇದೆಯೋ ಇಲ್ಲವೋ ಬರಹದಲ್ಲಿ ಕೇಳಿ. ಕೊನೆಯ ರಾತ್ರಿ ಅರ್ಧ ಕೆಜಿ ಅಂದರೆ ಎರಡು ಗಂಟೆಯ ನರಕ. ಆಫರ್ ಬಂದಾಗ ಹುಡುಗ 69.4 ಇದ್ದ. ಐದು ವಾರದಲ್ಲಿ ಊಟ ಹಿಡಿದು, ವಾರಕ್ಕೆ ಸುಮಾರು 600 ಗ್ರಾಂನಂತೆ ಇಳಿಸಿ, ಪಂದ್ಯದ ವಾರಕ್ಕೆ 66.3ಕ್ಕೆ ತಂದೆವು. 61.7ಕ್ಕೆ ಉಳಿದ 4.6 ಕೆಜಿ ನೀರು, ಹೊಟ್ಟೆಯಲ್ಲಿರುವ ಊಟ ಮತ್ತು ಸ್ನಾಯುವಿನ ಗ್ಲೈಕೋಜನ್ (ಶೇಖರಿಸಿಟ್ಟ ಸಕ್ಕರೆ). ಇದು ದೇಹತೂಕದ ಶೇ. 7ರ ಹತ್ತಿರ. ಇದಕ್ಕಿಂತ ಜಾಸ್ತಿ ಬೇಕಾದರೆ ಅದು ಅವನ ತೂಕವೇ ಅಲ್ಲ, ಮೇಲಿನ ವರ್ಗಕ್ಕೆ ಹೋಗಬೇಕು ಅನ್ನುವುದು ನಮ್ಮ ಲೆಕ್ಕ.

ಶುಕ್ರವಾರ ಬೆಳಿಗ್ಗೆ ಅಧಿಕೃತ ತೂಕ, ಶನಿವಾರ ಪಂದ್ಯ. ಭಾನುವಾರದಿಂದ ಅನ್ನ, ಚಪಾತಿ, ಹಣ್ಣು ತೆಗೆದು ದಿನಕ್ಕೆ 50 ಗ್ರಾಂ ಒಳಗೆ ಕಾರ್ಬೋಹೈಡ್ರೇಟ್. ಒಂದು ಗ್ರಾಂ ಗ್ಲೈಕೋಜನ್ ಜತೆ ಸುಮಾರು ಮೂರು ಗ್ರಾಂ ನೀರು ಕೂತಿರುತ್ತದೆ, ಅದು ತಾನಾಗಿ ಇಳಿಯುತ್ತದೆ. ಮಂಗಳವಾರದಿಂದ ಸೊಪ್ಪು, ಕಾಳು, ಹಸಿ ತರಕಾರಿಯನ್ನೂ ನಿಲ್ಲಿಸಿ ಮೊಟ್ಟೆ, ಕೋಳಿ, ಸ್ವಲ್ಪ ಮೊಸರು. ನಾರು ಕರುಳಿನಲ್ಲಿ ನೀರು ಹಿಡಿದು ಕೂರುತ್ತದೆ. ರಾಗಿ ಮುದ್ದೆ ಉಂಡು ಬೆಳೆದ ಹುಡುಗನಿಗೆ ಇದೇ ಎಲ್ಲಕ್ಕಿಂತ ಕಷ್ಟವಾಯಿತು. ಸೋಮವಾರದಿಂದ ಬುಧವಾರದವರೆಗೆ ದಿನಕ್ಕೆ ಆರೂವರೆ ಲೀಟರ್ ನೀರು, ದಿನವಿಡೀ ಹಂಚಿ. ಗುರುವಾರ ಮಧ್ಯಾಹ್ನದೊಳಗೆ ಬರೀ ಒಂದು ಲೀಟರ್. ದೇಹ ಹಳೆಯ ವೇಗದಲ್ಲೇ ನೀರು ಹೊರಹಾಕುತ್ತಿರುತ್ತದೆ. ಇಲ್ಲಿ ತುಂಬ ಜನ ಮಾಡುವ ತಪ್ಪು ಅಂದರೆ ನೀರು ಏರಿಸುವ ದಿನಗಳಲ್ಲೇ ಉಪ್ಪನ್ನು ಪೂರ್ತಿ ಬಿಡುವುದು. ರಕ್ತದಲ್ಲಿ ಸೋಡಿಯಂ ಕುಸಿದು ತಲೆಸುತ್ತು, ವಾಂತಿ, ಫಿಟ್ಸ್ ತನಕ ಹೋಗಬಹುದು. ಉಪ್ಪು ಮಾಮೂಲಿನಷ್ಟೇ ಇರಲಿ. ಬುಧವಾರ ವಿಮಾನ. ಆರೂವರೆ ಲೀಟರ್ ಕುಡಿಯುವವನಿಗೆ ನಡುದಾರಿಯ ಪಕ್ಕದ ಸೀಟು ಬೇಕೇ ಬೇಕು.

ನಾವು ಲೆಕ್ಕ ಹಾಕದೆ ಹೋದದ್ದು ಚಳಿ. ಡಿಸೆಂಬರಿನ ದೆಹಲಿ ಚಳಿಯಲ್ಲಿ ಬೆಂಗಳೂರಿನ ಹುಡುಗನಿಗೆ ಬೆವರೇ ಬರಲಿಲ್ಲ. ಹೋಟೆಲಿನಲ್ಲಿ ಬಾತ್‌ಟಬ್ ಇರಲಿಲ್ಲ, ಗೀಸರ್ 15 ಲೀಟರಿನದು. ಬಿಸಿನೀರಿನ ಸ್ನಾನ ನಂಬಿಕೊಂಡು ಹೋಗಿದ್ದ ಯೋಜನೆ ಅಲ್ಲಿಗೇ ಮುಗಿಯಿತು. ಟಬ್ ಇದೆಯಾ, ಸೌನಾ ಇದೆಯಾ ಅಂತ ಟಿಕೆಟ್ ಬುಕ್ ಆಗುವ ಮೊದಲೇ ಕೇಳಿ.

ಗುರುವಾರ ಬೆಳಿಗ್ಗೆ 64.4, ಸಂಜೆ ಐದಕ್ಕೆ 63.4. ಹೋಟೆಲಿನವರಿಂದ ಒಂದು ರೂಮ್ ಹೀಟರ್, ನಾಲ್ಕು ಕಂಬಳಿ ತರಿಸಿದೆವು. ಸ್ವೆಟ್ ಸೂಟ್ ಹಾಕಿಸಿ ಮೆಟ್ಟಿಲ ಹತ್ತಿರ ಹದಿನೈದು ನಿಮಿಷ ಹಗ್ಗ ಜಿಗಿಸಿ ಮೊದಲು ಬೆವರು ಒಡೆಸುವುದು, ಆರುವ ಮುಂಚೆ ಕಾದ ರೂಮಿಗೆ ತಂದು ಎರಡು ಕಂಬಳಿಯಲ್ಲಿ ಸುತ್ತಿ ಇಪ್ಪತ್ತು ನಿಮಿಷ ಮಲಗಿಸುವುದು, ಬಿಚ್ಚಿ ಒಣ ಟವೆಲ್ಲಿನಿಂದ ಒರೆಸಿ ಹತ್ತು ನಿಮಿಷ ಬಿಡುವು. ಒಬ್ಬರು ತಲೆಯ ಪಕ್ಕದಿಂದ ಏಳುವ ಹಾಗಿಲ್ಲ. ನಾಡಿ ಎಣಿಸುತ್ತಾ ಮಾತಾಡಿಸುತ್ತಲೇ ಇರಬೇಕು. ಊರಿನ ಗರಡಿಯಲ್ಲಿ ಯಾರು ಯಾರು ಇದ್ದರು, ಉಸ್ತಾದರು ಮೊದಲು ಕಲಿಸಿದ ಪಟ್ಟು ಯಾವುದು ಅಂತ ನಾವು ಕೇಳುತ್ತಿದ್ದೆವು. ಉತ್ತರ ತಡವರಿಸಿದರೆ, ಬಿಡುವಿನಲ್ಲೂ ನಾಡಿ ಇಳಿಯದಿದ್ದರೆ, ಬೆವರು ನಿಂತು ಚರ್ಮ ಒಣಗಿದರೆ, ವಾಂತಿ ಬಂದರೆ ಅಲ್ಲಿಗೆ ನಿಲ್ಲಿಸಬೇಕು, ತೂಕ ತಪ್ಪಿದರೂ ಸರಿ. ಶೇ. 20 ದುಡ್ಡು ಹೋಗುತ್ತದೆ, ಅಷ್ಟೇ. ಮೂತ್ರ ಬರಿಸುವ ಮಾತ್ರೆ ಇದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಷೇಧಿತ ಪಟ್ಟಿಯಲ್ಲಿದೆ, ಪೊಟ್ಯಾಶಿಯಂ ಕೆಡಿಸಿ ಎದೆಬಡಿತ ತಪ್ಪಿಸುತ್ತದೆ. ಮುಟ್ಟಬೇಡಿ.

ರಾತ್ರಿ ಹತ್ತಕ್ಕೆ 62.6ಕ್ಕೆ ಮಲಗಿಸಿದೆವು. ಉಸಿರು, ಬೆವರು, ಮೂತ್ರದಲ್ಲಿ ರಾತ್ರಿ ಅರ್ಧ ಕೆಜಿ ತಾನಾಗಿ ಹೋಗುತ್ತದೆ. ಯಾರ ದೇಹದಲ್ಲಿ ಎಷ್ಟು ಹೋಗುತ್ತದೆ ಅನ್ನುವುದನ್ನು ಮನೆಯಲ್ಲಿ ವಾರಗಟ್ಟಲೆ ಬರೆದಿಟ್ಟುಕೊಂಡಿರಬೇಕು. ಬೆಳಿಗ್ಗೆ ಐದೂವರೆಗೆ 62.1. ಎರಡು ಸುತ್ತು ಕಂಬಳಿ, 61.6. ತಕ್ಕಡಿಯ ಬಗ್ಗೆಯೂ ಒಂದು ಮಾತು. ನಮ್ಮ ತಕ್ಕಡಿಯನ್ನು ರೂಮಿನ ಕಾರ್ಪೆಟ್ ಮೇಲೆ ಇಟ್ಟಾಗ ತೋರಿಸಿದ್ದೇ ಬೇರೆ, ಬಾತ್‌ರೂಮಿನ ಟೈಲ್ಸ್ ಮೇಲೆ ಬೇರೆ. ಆಯೋಜಕರು ಹಿಂದಿನ ದಿನ ಇಡುವ ಚೆಕ್ ತಕ್ಕಡಿಯಲ್ಲಿ ನಿಂತು ನಮ್ಮದಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ ಅಂತ ಬರೆದುಕೊಂಡೆವು: 200 ಗ್ರಾಂ, ಅವರದು ಕಡಿಮೆ ತೋರಿಸುತ್ತಿತ್ತು. ಅಧಿಕೃತ ತಕ್ಕಡಿಯಲ್ಲಿ ಬಂದದ್ದು 61.4.

ತಕ್ಕಡಿಯಿಂದ ಇಳಿದ ಕೂಡಲೇ ಪಕ್ಕದಲ್ಲಿದ್ದವರು "ಎರಡು ಬಾಟಲ್ ಗ್ಲೂಕೋಸ್ ಹಾಕಿಸಿಬಿಡಿ" ಅಂದರು. ವಾಡಾ ನಿಯಮದಲ್ಲಿ ಹನ್ನೆರಡು ಗಂಟೆಯ ಅವಧಿಯಲ್ಲಿ 100 ಮಿಲಿಗಿಂತ ಹೆಚ್ಚು ಡ್ರಿಪ್ ನಿಷೇಧ, ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆಯುವಂಥ ಸಂದರ್ಭ ಬಿಟ್ಟು. ಒಂದು ಬಾಟಲ್ 500 ಮಿಲಿ. ಡ್ರಿಪ್ ಇಲ್ಲದೆ ಚೇತರಿಸಿಕೊಳ್ಳಲಾಗದಷ್ಟು ಒಣಗಿದ್ದರೆ ಆ ಹುಡುಗ ಮರುದಿನ ಪಂದ್ಯ ಆಡುವ ಸ್ಥಿತಿಯಲ್ಲೇ ಇಲ್ಲ ಅಂತ ಅರ್ಥ. ಮೊದಲ ಗಂಟೆಯಲ್ಲಿ ಪ್ಯಾಕೆಟ್ ಓಆರ್‌ಎಸ್ ಒಂದು ಲೀಟರ್, ಗುಟುಕು ಗುಟುಕಾಗಿ. ಬರೀ ನೀರು ಕುಡಿದರೆ ಮೂತ್ರವಾಗಿ ಹೊರಟುಹೋಗುತ್ತದೆ. ಎಳನೀರಿನಲ್ಲಿ ಪೊಟ್ಯಾಶಿಯಂ ಹೆಚ್ಚು, ಸೋಡಿಯಂ ಕಡಿಮೆ, ಹಾಗಾಗಿ ಅದೊಂದೇ ಸಾಲದು. ಆಮೇಲೆ ಉಪ್ಪು ಹಾಕಿದ ಗಂಜಿ, ಬಾಳೆಹಣ್ಣು, ಜೇನುತುಪ್ಪ, ಮಧ್ಯಾಹ್ನ ಮೊಸರನ್ನ. ಎದುರಿನ ಟೇಬಲ್ಲಿನಲ್ಲಿ ಇನ್ನೊಬ್ಬ ಫೈಟರ್ ಬಿರಿಯಾನಿ ಉಂಡು ರಾತ್ರಿ ಹೊಟ್ಟೆ ಕೆಡಿಸಿಕೊಂಡ. ಐದು ದಿನ ಖಾಲಿ ಇದ್ದ ಹೊಟ್ಟೆಗೆ ಎಣ್ಣೆ ಮಸಾಲೆ ತಡೆಯುವುದಿಲ್ಲ. ಕಳೆದುಕೊಂಡ ನೀರಿನ ಒಂದೂವರೆ ಪಟ್ಟು ಒಳಗೆ ಹೋಗಬೇಕು, ಮಲಗುವ ಹೊತ್ತಿಗೆ ಮೂತ್ರ ತಿಳಿಯಾಗಬೇಕು. ಶನಿವಾರ ಸಂಜೆ ಹುಡುಗ 66.8 ಇದ್ದ.

ರೂಲ್ಸ್ ಮೀಟಿಂಗಿನಲ್ಲಿ ಸುಮ್ಮನೆ ಕೂರಬೇಡಿ. 2024ರ ನವೆಂಬರಿನಿಂದ ಎಂಎಂಎದ ಸಾಮಾನ್ಯ ನಿಯಮಾವಳಿಯಾದ ಯೂನಿಫೈಡ್ ರೂಲ್ಸ್‌ನಲ್ಲಿ ಎರಡು ಬದಲಾವಣೆ ಜಾರಿಗೆ ಬಂದಿವೆ. ಮೇಲಿನಿಂದ ನೇರ ಕೆಳಕ್ಕೆ ಬರುವ ಮೊಣಕೈ ಏಟು ಈಗ ತಪ್ಪಲ್ಲ. ಅಂಗೈಯನ್ನು ನೆಲಕ್ಕೆ ತಾಗಿಸಿದ ಮಾತ್ರಕ್ಕೆ "ನೆಲದಲ್ಲಿದ್ದಾನೆ" (ಅಂದರೆ ತಲೆಗೆ ಮೊಣಕಾಲು ಹಾಕುವಂತಿಲ್ಲ) ಎಂದು ಲೆಕ್ಕವಿಲ್ಲ, ಕೈ ಮತ್ತು ಪಾದ ಬಿಟ್ಟು ದೇಹದ ಬೇರೆ ಭಾಗ ತಾಗಿರಬೇಕು. ಈ ಆಯೋಜಕರು ಹಳೆಯದರಲ್ಲಿದ್ದಾರೋ ಹೊಸದರಲ್ಲೋ ಅಂತ ಕೇಳಿದೆವು. ಹೊಸದೇ. ಕೈ ಊರಿದರೆ ತಲೆಗೆ ಮೊಣಕಾಲು ಬೀಳುವುದಿಲ್ಲ ಅಂದುಕೊಂಡು ಬಂದಿದ್ದ ಇಬ್ಬರು ಫೈಟರುಗಳು ಅಲ್ಲೇ ಮುಖ ಮುಖ ನೋಡಿಕೊಂಡರು.

ಪಂದ್ಯದ ದಿನ ಕೈಗೆ ಗಾಜ್ (ಬ್ಯಾಂಡೇಜ್ ಬಟ್ಟೆ) ಸುತ್ತುವುದು ಒಂದು ಕಲೆ, ಅದರಲ್ಲೂ ಒಂದು ತೊಡಕಿದೆ. ಆಯೋಜಕರ ಕಡೆಯವರು ಎದುರಿಗಿದ್ದು ನೋಡಿ, ಮಾರ್ಕರಿನಲ್ಲಿ ಸಹಿ ಹಾಕಬೇಕು. ಅವರು ಬರುವ ಮುಂಚೆ ನಾವು ಬಲಗೈ ಮುಗಿಸಿದ್ದೆವು. ಕತ್ತರಿ ಹಾಕಿ ಬಿಚ್ಚಿ ಮತ್ತೆ ಸುತ್ತಿಸಿದರು. ಗಾಜ್ ಎರಡು ಕೈಗೆ ಸಾಲುವಷ್ಟಲ್ಲ, ನಾಲ್ಕು ಕೈಗೆ ಸಾಲುವಷ್ಟು ಇಟ್ಟುಕೊಳ್ಳಿ. ಸುತ್ತುವಾಗ ಹುಡುಗ ಬೆರಳುಗಳನ್ನು ಪೂರ್ತಿ ಅಗಲಿಸಿ ಹಿಡಿದಿರಬೇಕು. ಇಲ್ಲದಿದ್ದರೆ ಮುಷ್ಟಿ ಕಟ್ಟಿದಾಗ ಬಿಗಿದು ಬೆರಳು ಜೋಮು ಹಿಡಿಯುತ್ತದೆ. ವ್ಯಾಸಲಿನ್ ಮುಖಕ್ಕೆ ಮಾತ್ರ, ಅದೂ ಕೇಜಿನ ಪಕ್ಕದಲ್ಲಿ ಅವರೆದುರಿಗೇ.

ಪಂದ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ರೌಂಡ್ ನಮ್ಮದು, ಎರಡನೆಯದು ಎದುರಾಳಿಯದು. ಎರಡನೆಯ ರೌಂಡಿನ ಕೊನೆಗೆ ಮೊಣಕೈ ತಾಗಿ ಎಡಹುಬ್ಬು ಬಿರಿಯಿತು. ಕಾರ್ನರಿಗೆ ಸಿಗುವ ಒಂದು ನಿಮಿಷದಲ್ಲಿ ಸ್ಟೂಲ್ ಇಟ್ಟು ಕೂರಿಸಿ ಉಸಿರು ತಹಬಂದಿಗೆ ತರಲು ಹತ್ತು ಹನ್ನೆರಡು ಸೆಕೆಂಡ್. ಗಾಯಕ್ಕೆ ಒಣ ಗಾಜ್ ಒತ್ತಿ ಹಿಡಿದವರು ಎತ್ತಿ ಎತ್ತಿ ನೋಡಬಾರದು, ಮೂವತ್ತು ಸೆಕೆಂಡ್ ಒಂದೇ ಸಮ ಒತ್ತಿದರೇ ರಕ್ತ ಹಿಡಿಯುವುದು. ಒರೆಸಿದರೆ ಮತ್ತೆ ತೆರೆಯುತ್ತದೆ. ಮಾತಾಡುವವರು ಒಬ್ಬರೇ ಇರಬೇಕು, ಎರಡೇ ಮಾತು ಹೇಳಬೇಕು.

ಮೂರನೆಯ ರೌಂಡಿನಲ್ಲಿ ಹುಡುಗ ಮೂರು ಸಲ ಎತ್ತಿ ಕೆಡವಿದ. ಬೆಲ್ ಹೊಡೆದಾಗ ಗೆದ್ದೆ ಅಂತ ಕೈ ಎತ್ತಿದ. ಮೂವರು ಜಡ್ಜ್‌ಗಳೂ 29-28 (ರೌಂಡ್ ಗೆದ್ದವನಿಗೆ 10, ಸೋತವನಿಗೆ 9 ಅಂಕ) ಎದುರಾಳಿಗೆ ಕೊಟ್ಟರು. ಕುಸ್ತಿಯ ಹಿನ್ನೆಲೆಯಿಂದ ಬರುವ ನಮ್ಮ ಹುಡುಗರೆಲ್ಲ ಇದನ್ನು ಕೂತು ಅರ್ಥಮಾಡಿಕೊಳ್ಳಬೇಕು. ಅಖಾಡದಲ್ಲಿ ಚಿತ್ ಮಾಡಿದರೆ ಗೆಲುವು. ಇಲ್ಲಿ ಕೆಡವುವುದಕ್ಕೇ ಅಂಕವಿಲ್ಲ. ಕೆಡವಿದ ಮೇಲೆ ಏಟು ಬಿತ್ತೇ, ಕತ್ತೋ ಕೈಯೋ ಪಟ್ಟಿಗೆ ಸಿಕ್ಕಿತೇ, ಎದುರಾಳಿಗೆ ಪೆಟ್ಟಾಯಿತೇ ಅನ್ನುವುದನ್ನು ಜಡ್ಜ್ ಮೊದಲು ನೋಡುತ್ತಾರೆ. ಅದು ಸಮ ಅನ್ನಿಸಿದಾಗ ಮಾತ್ರ ಮುನ್ನುಗ್ಗಿದವರು ಯಾರು, ಕೊನೆಗೆ ಕೇಜಿನ ಹಿಡಿತ ಯಾರದು ಅನ್ನುವುದು ಲೆಕ್ಕಕ್ಕೆ ಬರುತ್ತದೆ. ಮೂರು ಸಲವೂ ಹುಡುಗ ಮೇಲೆ ಕೂತು ಹಿಡಿದುಕೊಂಡ, ಹೊಡೆಯಲಿಲ್ಲ. ಎದುರಾಳಿ ಕೆಳಗಿನಿಂದಲೇ ಮೊಣಕೈ ಬೀಸುತ್ತಿದ್ದ. ಅಂಕ ಸರಿಯಾಗಿಯೇ ಇತ್ತು. ಅಮೆರಿಕದ ದೊಡ್ಡ ಎಂಎಂಎ ಸಂಸ್ಥೆಯಾದ ಯುಎಫ್‌ಸಿ ಸೇರಿದ ಮೊದಲ ಭಾರತೀಯ ಭರತ್ ಖಂಡಾರೆಯೂ ಕುಸ್ತಿಯಿಂದ ಬಂದವರು. 2024ರ ಜೂನ್‌ನಲ್ಲಿ ಅಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದ ಪೂಜಾ ತೋಮರ್ ಚೀನಾದ ಸಮರಕಲೆ ವುಶುವಿನಿಂದ ಬಂದವರು. ಯಾವ ಮೂಲದಿಂದ ಬಂದರೂ ಎರಡನೆಯ ವಿದ್ಯೆ ಕಲಿಯದೆ ಮುಂದೆ ದಾರಿಯಿಲ್ಲ.

ಹುಬ್ಬಿಗೆ ಅಲ್ಲೇ ವೈದ್ಯರು ಆರು ಹೊಲಿಗೆ ಹಾಕಿದರು, ಟಿಟಿ ಕೊಟ್ಟರು. ಆ ರಾತ್ರಿ ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ತಲೆಗೆ ಏಟು ಬಿದ್ದ ರಾತ್ರಿ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಒಳಗೆ ರಕ್ತ ಒಸರುತ್ತಿದ್ದರೆ ಅವು ಹೆಚ್ಚಿಸುತ್ತವೆ. ಒಬ್ಬರು ಜತೆಯಲ್ಲೇ ಮಲಗಿದೆವು. ಪದೇ ಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೆ ಗೊಂದಲ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲು ಕಾಯದೆ ಸಿಟಿ ಸ್ಕ್ಯಾನ್‌ಗೆ ಹೋಗಬೇಕು. ಬೆಂಗಳೂರಿಗೆ ಬಂದು ಆರನೆಯ ದಿನ ಹೊಲಿಗೆ ಬಿಚ್ಚಿಸಿದೆವು. ವೈದ್ಯರು 30 ದಿನ ಸ್ಪಾರಿಂಗ್ ಬೇಡ ಅಂತ ಬರೆದುಕೊಟ್ಟಿದ್ದರು. ನಾಕೌಟ್ ಆಗಿದ್ದರೆ ಇದು ಇನ್ನೂ ಹೆಚ್ಚು. ಇದನ್ನು ಪಾಲಿಸುವಂತೆ ಮಾಡುವ ಅಧಿಕಾರಿ ನಮ್ಮಲ್ಲಿ ಯಾರೂ ಇಲ್ಲ, ಬೇರೆ ಆಯೋಜಕರು ಎರಡೇ ವಾರಕ್ಕೆ ಫೋನ್ ಮಾಡಿ ಇನ್ನೊಂದು ಪಂದ್ಯಕ್ಕೆ ಕರೆದರು. ಹುಡುಗ ಮತ್ತೆ ಹೂಂ ಅನ್ನಲು ತಯಾರಿದ್ದ. ಜಿಮ್ಮಿನ ಗೋಡೆಯ ಕ್ಯಾಲೆಂಡರಿನಲ್ಲಿ ಆ ಮೂವತ್ತು ದಿನಕ್ಕೂ ಕೆಂಪು ಗೀಟು ಎಳೆದೆವು.

ಖರ್ಚಿನ ಲೆಕ್ಕ. ರಕ್ತಪರೀಕ್ಷೆಗಳು, ಮರುಪರೀಕ್ಷೆ ಸೇರಿ ₹4,700. ಎಂಆರ್‌ಐ ₹7,500. ಎಕೋ, ಇಸಿಜಿ ₹2,300. ಕಣ್ಣು ₹900. ನರರೋಗ ತಜ್ಞರು ಇಬ್ಬರಿಗೆ ₹1,900. ಎರಡನೆಯ ಕಾರ್ನರಿನ ವಿಮಾನ ಟಿಕೆಟ್ ₹11,400, ಒಬ್ಬರದ್ದನ್ನು ಮಾತ್ರ ಆಯೋಜಕರು ಕೊಟ್ಟರು. ದಂತವೈದ್ಯರ ಹತ್ತಿರ ಅಳತೆ ಕೊಟ್ಟು ಮಾಡಿಸಿದ ಮೌತ್‌ಗಾರ್ಡ್ ₹2,500. ಗಾಜ್, ಟೇಪ್, ಓಆರ್‌ಎಸ್, ಸಣ್ಣಪುಟ್ಟದ್ದು ₹2,200. ಹೊಲಿಗೆ ಬಿಚ್ಚಿಸಿದ್ದು ₹600. ಒಟ್ಟು ₹34,000.

ಬಂದದ್ದು ₹20,000ದಲ್ಲಿ ಶೇ. 10 ಟಿಡಿಎಸ್ ಕಡಿದು ₹18,000, ಪಂದ್ಯವಾಗಿ 38ನೇ ದಿನ, ಎರಡು ಸಲ ಆ 45 ದಿನದ ಸಾಲನ್ನು ನೆನಪಿಸಿದ ಮೇಲೆ. ಪ್ಯಾನ್‌ಗೆ ಆಧಾರ್ ಜೋಡಿಸಿರದಿದ್ದರೆ ಶೇ. 20 ಕಡಿಯುತ್ತಾರೆ, ಮೊದಲೇ ನೋಡಿಕೊಳ್ಳಿ. ಕಡಿದ ದುಡ್ಡು ಆದಾಯ ತೆರಿಗೆ ಇಲಾಖೆಯ ತೆರಿಗೆ ಲೆಕ್ಕದ ಪಟ್ಟಿಯಾದ 26ಎಎಸ್‌ನಲ್ಲಿ ಕಾಣುತ್ತದೆಯೇ ಎಂದು ಪರಿಶೀಲಿಸಿ ರಿಟರ್ನ್ ಹಾಕಿದರೆ ಇಷ್ಟು ಸಣ್ಣ ಆದಾಯದವನಿಗೆ ಅದು ಮರಳಿ ಬರುತ್ತದೆ.

ಇನ್ನೊಂದು ಕೆಲಸ ಉಳಿದಿತ್ತು. ಫೈಟರುಗಳ ಗೆಲುವು ಸೋಲು ಬರೆದಿಡುವ ವೆಬ್‌ಸೈಟುಗಳಾದ ಟಪಾಲಜಿ, ಶೆರ್‌ಡಾಗ್ ದಾಖಲೆಗಳಲ್ಲಿ ಫಲಿತಾಂಶ ಸರಿಯಾಗಿ ಕೂರಬೇಕು, ಮುಂದಿನ ಆಯೋಜಕರು ಮೊದಲು ನೋಡುವುದು ಅದನ್ನೇ. ಒಂದರಲ್ಲಿ ಹುಡುಗನ ಅಮೆಚೂರ್ ಪಂದ್ಯಗಳು ಕರೆಯುವ ಹೆಸರಿನಲ್ಲಿ, ಪ್ರೊ ಪಂದ್ಯ ಪೂರ್ತಿ ಹೆಸರಿನಲ್ಲಿ, ಇಬ್ಬರು ಬೇರೆ ಬೇರೆ ಮನುಷ್ಯರ ಹಾಗೆ ಇದ್ದವು. ಪಂದ್ಯದ ಪೋಸ್ಟರು, ತೂಕ ಹಾಕಿದ ಫೋಟೊ ಕಳಿಸಿ ಒಂದುಮಾಡಿಸಲು ಒಂಬತ್ತು ದಿನ ಹಿಡಿಯಿತು. ಈಗ ಅಲ್ಲಿ ಪಾಸ್‌ಪೋರ್ಟಿನಲ್ಲಿರುವ ಹೆಸರು, ಅದರ ಮುಂದೆ 0-1, ಅಂದರೆ ಗೆಲುವು ಸೊನ್ನೆ, ಸೋಲು ಒಂದು ಎಂದಿದೆ. ಕ್ಯಾಲೆಂಡರಿನ ಕೆಂಪು ಗೀಟು ಮುಗಿದ ಮರುದಿನ ಬೆಳಿಗ್ಗೆ ಆರಕ್ಕೆ ಹುಡುಗ ಬಂದು ಡಮ್ಮಿಯನ್ನು ಕೆಡವಿ, ಮೇಲೆ ಕೂತು, ಹಿಡಿಯುವುದು ಬಿಟ್ಟು ಮೊಣಕೈ ಹಾಕಲು ಶುರುಮಾಡಿದ.